12 ಜನರ ಗಾಲ್ಫ್ ಪ್ರವಾಸ: ಕಾರವಾರದಲ್ಲಿ ಉಳಿದು ಕಾಣಕೋಣದಲ್ಲಿ ಆಡಿದರೆ ಖರ್ಚು ಇಳಿಯುತ್ತದೆಯೇ?

ಶಿರಸಿ ಹೆಗಡೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿರುವ ನಾವು 12 ಜನ, ಮುಕ್ಕಾಲು ಪಾಲು ಶಿರಸಿ-ಕುಮಟಾ ಕಡೆಯವರು, ಜನವರಿಯಲ್ಲಿ ಕಡಲ ಬದಿಗೆ ಹೋಗಿ ಎರಡು ದಿನ ಗಾಲ್ಫ್ ಆಡಬೇಕು ಅಂತಿದ್ದೇವೆ. ಗೋವಾದ ರೆಸಾರ್ಟಿನಲ್ಲೇ ಉಳಿದರೆ ರೂಮಿನ ಬಾಡಿಗೆಯೇ ಬಜೆಟ್ ನುಂಗಿಬಿಡುತ್ತದೆ. ಅದಕ್ಕೆ ಕಾರವಾರದಲ್ಲಿ ಉಳಿದು, ಗಡಿಯಾಚೆ ದಕ್ಷಿಣ ಗೋವಾದ ಕಾಣಕೋಣದ ರಾಜಬಾಗದಲ್ಲಿ ಲಲಿತ್ ರೆಸಾರ್ಟಿನ 9 ಹೋಲ್ ಕೋರ್ಸಿಗೆ (9 ಕುಳಿಗಳ ಗಾಲ್ಫ್ ಮೈದಾನಕ್ಕೆ) ಹೋಗಿ ಬರುವ ಯೋಚನೆ. ಎಲ್ಲ ಸೇರಿ ತಲೆಗೆ 15,000 ದಾಟಬಾರದು.

ಐವರ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ; ಕಡಿಮೆಯಿದ್ದಷ್ಟೂ ಆಟ ಬಲ) 18ರ ಒಳಗಿದೆ, ನಾಲ್ವರದ್ದು ಅದಕ್ಕಿಂತ ಮೇಲೆ, ಇನ್ನು ಮೂವರು ಹೊಸಬರು. ಅರ್ಧದಷ್ಟು ಜನ ಸಸ್ಯಾಹಾರಿಗಳು. ಯಾವ ದಿನಗಳು ಒಳ್ಳೆಯದು, 12 ಗಾಲ್ಫ್ ಬ್ಯಾಗ್ ಹೊತ್ತು ಹೋಗುವುದು ಹೇಗೆ, ಹೊಸಬರಿಂದ ಹಿಂದಿನವರು ಕಾಯುವಂತಾಗದ ಹಾಗೆ ಏನು ಆಡಿಸಬೇಕು, ತಿಳಿದವರು ಹೇಳಿ.

ಕೋಡಿಬಾಗ ನಾಯ್ಕ:

ಹೆಗಡೇರೆ, ಲೆಕ್ಕ ಕೂಡಿ ಬರುತ್ತದೆ. ಆದರೆ ಮೊದಲು ಟೀ ಟೈಮ್ (ಆಟ ಶುರುಮಾಡಲು ಕಾದಿರಿಸುವ ಸಮಯ), ಆಮೇಲೆ ರೈಲು, ಕೊನೆಗೆ ರೂಮು. ಈ ಕ್ರಮ ಮಾತ್ರ ತಪ್ಪಬಾರದು. ಜನ ಸಾಮಾನ್ಯವಾಗಿ ರೂಮು ಹಿಡಿದು, ಟಿಕೆಟ್ ತೆಗೆಸಿ, ಆಮೇಲೆ ಕೋರ್ಸಿಗೆ ಫೋನ್ ಮಾಡುತ್ತಾರೆ. ಆ ದಿನ ಅಲ್ಲಿ ಯಾವುದೋ ಕಂಪನಿಯ ಟೂರ್ನಮೆಂಟ್ ಇದ್ದರೆ, ಇಲ್ಲವೇ ಗ್ರೀನ್ (ಕುಳಿಯ ಸುತ್ತಲಿನ ಹುಲ್ಲುಹಾಸು) ರಿಪೇರಿ ನಡೆದಿದ್ದರೆ ಕೊಟ್ಟ ಅಡ್ವಾನ್ಸೆಲ್ಲ ಹೋಯಿತು. ಎಲ್ಲ 9 ಹೋಲೂ ತೆರೆದಿವೆಯೇ, ಹೊರಗಿನವರಿಗೆ ಆ ದಿನ ಅವಕಾಶ ಇದೆಯೇ ಅಂತ ಮೊದಲು ಮೇಲ್‌ನಲ್ಲಿ ಬರೆಸಿಕೊಳ್ಳಿ.

ದಿನಗಳ ವಿಷಯ. ಹೊಸವರ್ಷದ ಗಲಾಟೆ ಜನವರಿ ಮೊದಲ ವಾರಕ್ಕೆ ಇಳಿಯುತ್ತದೆ. ಸಂಕ್ರಾಂತಿ ಮತ್ತು ಗಣರಾಜ್ಯೋತ್ಸವದ ಆಚೀಚಿನ ರಜೆ ಬಿಟ್ಟು, ವಾರದ ನಡುವೆ ಹಾಕಿಕೊಳ್ಳಿ. ಭಾನುವಾರ ಸಂಜೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಸೋಮವಾರ ಬೆಳಿಗ್ಗೆ ಕಾರವಾರ. ಸೋಮವಾರ ಆಟ ಬೇಡ. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದ ಬೆನ್ನು ಸ್ವಿಂಗ್‌ಗೆ ಬಾಗುವುದಿಲ್ಲ. ಮಂಗಳವಾರ 18 ಹೋಲ್, ಬುಧವಾರ 9 ಹೋಲ್, ಬುಧವಾರ ಸಂಜೆಯ ರೈಲಿಗೆ ವಾಪಸ್. ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ಒಂದು ಟಿಕೆಟ್‌ನಲ್ಲಿ 6 ಜನರಷ್ಟೇ. ಇಬ್ಬರು ಒಟ್ಟಿಗೇ ಲಾಗಿನ್ ಆಗಿ ಎರಡು ಟಿಕೆಟ್ ತೆಗೆಯಿರಿ. ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯೊಳಗಲ್ಲ. ಬ್ಯಾಗ್ ಹೊತ್ತು ಆಟೋ ಹುಡುಕುವ ಬದಲು ಬಾಡಿಗೆ ಗಾಡಿಯನ್ನೇ ಅಲ್ಲಿಗೆ ಬರಹೇಳಿ.

ಈಗ ದುಡ್ಡು. ಎಲ್ಲ ಅಂದಾಜೇ, ಆದರೆ ಕೈ ಬಿಗಿ ಹಿಡಿದು ಹಾಕಿದ್ದಲ್ಲ. 3ನೇ ಎಸಿಯಲ್ಲಿ ಹೋಗಿ ಬರಲು ತಲೆಗೆ 2,400. ಇಬ್ಬರಿಗೊಂದರಂತೆ 6 ಎಸಿ ರೂಮು, ರಾತ್ರಿಗೆ 2,000, ಎರಡು ರಾತ್ರಿಗೆ 24,000, ತಲೆಗೆ 2,000. ಗಾಡಿ ದಿನಕ್ಕೆ 6,000ದಂತೆ ಎರಡು ದಿನ, ತಲೆಗೆ 1,000. ಊಟ-ತಿಂಡಿ ದಿನಕ್ಕೆ 600ರಂತೆ ಮೂರು ದಿನಕ್ಕೆ 1,800. ಒಟ್ಟು 7,200. ಅದರ ಮೇಲೆ ಶೇ. 10, ಅಂದರೆ 720, ಕೈಯಲ್ಲಿರಲಿ. ಸ್ಟೇಷನ್ನಿಗೆ ಹೋಗಿ ಬರುವ ಗಾಡಿ, ಬುಧವಾರದ ಒಂದು ಹೆಚ್ಚುವರಿ ರೂಮು ಎಲ್ಲ ಅದರಲ್ಲೇ. ಆ ದಿನ ನೀವು ನಸುಕಿನಲ್ಲೇ ಹೊರಡುವುದರಿಂದ ಐದು ರೂಮು ಬಿಟ್ಟುಕೊಟ್ಟು, ಸ್ನಾನಕ್ಕೆ ಮತ್ತು ಸಾಮಾನು ಇಡಲು ಒಂದನ್ನು ಸಂಜೆಯವರೆಗೆ ಇಟ್ಟುಕೊಳ್ಳಿ. ಲಾಡ್ಜ್ ಹಿಡಿಯುವಾಗ 24 ತಾಸಿನ ಚೆಕ್‌ಔಟ್ ಇದೆಯೇ ಕೇಳಿ. ಮಧ್ಯಾಹ್ನ 12ರ ಲೆಕ್ಕದವರು ಸೋಮವಾರ ಬೆಳಿಗ್ಗೆ ಒಳಗೆ ಬಿಡಲು ಅರ್ಧ ದಿನದ ಬಾಡಿಗೆ ಕೇಳಬಹುದು.

15,000ದಲ್ಲಿ ಇಷ್ಟು ಕಳೆದರೆ ಗಾಲ್ಫ್‌ಗೆ 7,080 ಉಳಿಯಿತು. ನೀವು ಆಡುವುದು 27 ಹೋಲ್, ಮೂರು ಸುತ್ತು. ಹಾಗಾಗಿ ಕೋರ್ಸಿನವರ ಹತ್ತಿರ ಮಾತಾಡುವಾಗ ನಿಮ್ಮ ಗೆರೆ ಇಷ್ಟು: ಗ್ರೀನ್ ಫೀ (ಆಡುವ ಶುಲ್ಕ), ಕ್ಯಾಡಿ (ಬ್ಯಾಗ್ ಹೊರುವವರು), ಜಿಎಸ್‌ಟಿ ಎಲ್ಲ ಸೇರಿ 9 ಹೋಲಿಗೆ ತಲೆಗೆ 2,360. ಅದರೊಳಗೆ ಬಂದರೆ ಪ್ಲಾನ್ ನಿಲ್ಲುತ್ತದೆ. ದಾಟಿದರೆ ಬುಧವಾರದ 9 ಕೈಬಿಡಿ. ರೂಮಿನಲ್ಲಿ ಉಳಿಸಲು ಹೋಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಕಾರ್ಟ್ ಬೇಡ, ನಡೆಯಿರಿ.

ಫೋರ್‌ಬಾಲ್:

ಆಟದ ಭಾಗ ನಾನು ಹೇಳುತ್ತೇನೆ. 9 ಹೋಲ್ ಕೋರ್ಸಿನಲ್ಲಿ 18 ಆಡುವ ಗುಂಪುಗಳು ಎಡವುವುದು ಎರಡನೇ ಸುತ್ತಿಗೆ. ನೀವು 9 ಮುಗಿಸಿ ಮತ್ತೆ ಒಂದನೇ ಟೀಗೆ (ಮೊದಲ ಹೊಡೆತದ ಜಾಗಕ್ಕೆ) ಬರುವ ಹೊತ್ತಿಗೆ, ತಿಂಡಿ ಮುಗಿಸಿದ ರೆಸಾರ್ಟಿನ ಅತಿಥಿಗಳು ಅಲ್ಲಿ ಸಾಲುಗಟ್ಟಿರುತ್ತಾರೆ. ಸಿಗುವುದು ಅರ್ಧ-ಮುಕ್ಕಾಲು ತಾಸು ಕಾಯುವ ಭಾಗ್ಯ. ಅದಕ್ಕೇ ಬುಕ್ ಮಾಡುವಾಗ ಆರು ಸಮಯ ಕೇಳಿ: ಹೊರಡಲು 7:15, 7:25, 7:35, ತಿರುಗಿ ಹೊರಡಲು 9:30, 9:40, 9:50. ಜನವರಿಯಲ್ಲಿ ಈ ಕರಾವಳಿಯಲ್ಲಿ ಸೂರ್ಯ ಹುಟ್ಟುವುದೇ ಹೆಚ್ಚು ಕಡಿಮೆ 7ಕ್ಕೆ, ಅದಕ್ಕಿಂತ ಮುಂಚಿನ ಸಮಯ ಕೇಳಿ ಪ್ರಯೋಜನವಿಲ್ಲ. ಕಾರವಾರದಿಂದ 5:45ಕ್ಕೆ ಹೊರಟರೆ ಪಟ್ ಮಾಡಿ (ಚೆಂಡನ್ನು ಕುಳಿಗೆ ಉರುಳಿಸಿ) ನೋಡಲು ಅರ್ಧ ತಾಸು ಸಿಗುತ್ತದೆ. ಕೊನೆಯ ಗುಂಪು 12:15ರ ಸುಮಾರಿಗೆ ಮುಗಿಸಬೇಕು.

12 ಬ್ಯಾಗ್ ಒಯ್ಯಲೇಬೇಡಿ, 6 ಸಾಕು. ಒಬ್ಬರ ಕ್ಲಬ್ (ಗಾಲ್ಫ್ ಕೋಲು) ಇನ್ನೊಬ್ಬರು ಬಳಸಬಾರದೆಂಬ ನಿಯಮ ಇರುವುದು ನಿಜ. ಆದರೆ ಫೋರ್‌ಬಾಲ್ ಮತ್ತು ಫೋರ್‌ಸಮ್ಸ್ ಎಂಬ ಜೋಡಿ ಆಟಗಳಲ್ಲಿ ಜೊತೆಗಾರರು ಹಂಚಿಕೊಳ್ಳಬಹುದು, ಇಬ್ಬರದ್ದೂ ಸೇರಿ 14 ಕ್ಲಬ್ ದಾಟಬಾರದು ಅಷ್ಟೇ. ಸಾಮಾನು ಅರ್ಧವಾಗುತ್ತದೆ, ಬಾಡಿಗೆ ಸೆಟ್ಟಿನ ದುಡ್ಡೂ ಉಳಿಯುತ್ತದೆ. ಕ್ಯಾಡಿಯನ್ನೂ ಜೋಡಿಗೊಬ್ಬರಂತೆ ಕೇಳಿ ನೋಡಿ. ಕೊಟ್ಟರೆ ಆ ಖರ್ಚೂ ಅರ್ಧ.

ಜೋಡಿ ಹೀಗೆ ಕಟ್ಟಿ: ಮೂವರು ಹೊಸಬರಿಗೆ 18ರ ಒಳಗಿನ ಮೂವರು. ಉಳಿದ ಇಬ್ಬರು ಬಲಿಷ್ಠರಿಗೆ ನಡುವಿನ ನಾಲ್ವರಲ್ಲಿ ಇಬ್ಬರು. ಇನ್ನುಳಿದ ಇಬ್ಬರು ತಮ್ಮಲ್ಲೇ ಜೋಡಿ. ಹೊಸಬರ ಜೋಡಿ ಪ್ರತಿ ಗುಂಪಿಗೂ ಒಂದೇ ಬರುವಂತೆ ನೋಡಿ. ಮೂರನ್ನೂ ಹಿಂದು-ಮುಂದಾಗಿ ಬಿಟ್ಟರೆ ಇಡೀ ಬೆಳಿಗ್ಗೆ ಹಾಳು.

ಮಂಗಳವಾರ ಫೋರ್‌ಬಾಲ್ ಸ್ಟೇಬಲ್‌ಫೋರ್ಡ್ (ಅಂಕದ ಆಟ) ಆಡಿಸಿ. ಇಬ್ಬರೂ ತಮ್ಮ ತಮ್ಮ ಚೆಂಡು ಆಡುತ್ತಾರೆ, ಜೋಡಿಗೆ ಒಳ್ಳೆಯ ಅಂಕ ಹಿಡಿಯುವುದು. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ (ಹೋಲಿಗೆ ನಿಗದಿಯಾದ ಹೊಡೆತ) 2, ಒಂದು ಹೊಡೆತ ಹೆಚ್ಚಾದ ಬೋಗಿಗೆ 1, ಒಂದು ಕಡಿಮೆಯಾದ ಬರ್ಡಿಗೆ 3, ಎರಡು ಹೆಚ್ಚಾದ ಡಬಲ್ ಬೋಗಿಗೂ ಅದರಾಚೆಗೂ ಸೊನ್ನೆ. ಅಂಕ ಬರುವ ದಾರಿ ಮುಚ್ಚಿದ ಕೂಡಲೇ ಹೊಸಬರು ಚೆಂಡು ಎತ್ತಿ ಜೇಬಿಗೆ ಹಾಕಲಿ, ಇದನ್ನು ಮೊದಲೇ ಹೇಳಿಬಿಡಿ. ಹ್ಯಾಂಡಿಕ್ಯಾಪಿನ ಶೇ. 85 ಕೊಡಿ. ಬುಧವಾರ ಫೋರ್‌ಸಮ್ಸ್: ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು; ಬೆಸ ಹೋಲಿಗೆ ಒಬ್ಬರ ಟೀ, ಸಮ ಹೋಲಿಗೆ ಇನ್ನೊಬ್ಬರದ್ದು. ಇಬ್ಬರ ಹ್ಯಾಂಡಿಕ್ಯಾಪ್ ಕೂಡಿಸಿ ಅರ್ಧ. ಬೇಗ ಮುಗಿಯುತ್ತದೆ, ಸಂಜೆ ರೈಲಿರುವ ದಿನ ಅದೇ ಬೇಕಾದ್ದು.

ಚೆಂಡು ಹುಡುಕಲು 3 ನಿಮಿಷ, ಅಷ್ಟೇ. ಕಳೆದ ಚೆಂಡಿಗೆ ಟೀಗೆ ಹಿಂದೆ ನಡೆಯದೆ, ಎರಡು ಪೆನಾಲ್ಟಿ ಸ್ಟ್ರೋಕ್ ಕೂಡಿಸಿ ಅಲ್ಲೇ ಹತ್ತಿರದ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಬದಿಯಲ್ಲಿ ಚೆಂಡು ಡ್ರಾಪ್ ಮಾಡುವ ಲೋಕಲ್ ರೂಲ್ ಇದೆ. ಆಟ ಶುರುವಾಗುವ ಮೊದಲೇ ಜಾರಿಯಲ್ಲಿದೆ ಎಂದು ಸಾರಿ. ಹೊಸಬರಿಗೆ ತಲಾ 8 ಹಳೆ ಚೆಂಡು ಕೊಡಿ, ದುಬಾರಿ ಚೆಂಡು ಬೇಡ.

ಇನ್ನು ಗಾಳಿ. ನಸುಕಿನಲ್ಲಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ದಿಕ್ಕು ಬದಲಾಗಿ ಕಡಲಿನಿಂದ ಜೋರಾಗುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಹಿಡಿದ ಕ್ಲಬ್ಬು ಎರಡನೇ ಸುತ್ತಿಗೆ ಅದೇ ಹೋಲಿನಲ್ಲಿ ತಪ್ಪುತ್ತದೆ. ಎದುರುಗಾಳಿಗೆ ಜೋರಾಗಿ ಬೀಸಿದರೆ ಸ್ಪಿನ್ ಹೆಚ್ಚಾಗಿ ಚೆಂಡು ಮೇಲೇರಿ ಅರ್ಧ ದಾರಿಯಲ್ಲೇ ಬೀಳುತ್ತದೆ. 7 ಐರನ್ ಕ್ಲಬ್ ಜಾಗದಲ್ಲಿ ಹೆಚ್ಚು ದೂರ ಹೋಗುವ 5 ಅಥವಾ 6 ತೆಗೆದು, ಗ್ರಿಪ್ ಒಂದಿಂಚು ಕೆಳಗೆ ಹಿಡಿದು, ಚೆಂಡನ್ನು ಒಂದು ಚೆಂಡಿನಷ್ಟು ಬಲಗಾಲಿನ ಕಡೆ ಇಟ್ಟುಕೊಂಡು ಮುಕ್ಕಾಲು ಸ್ವಿಂಗ್ ಮಾಡಿ. ಬೆವರಿಗೆ ಗ್ಲೌಸ್ ನೆನೆಯುತ್ತದೆ, ಎರಡು ಇರಲಿ. ರಾತ್ರಿ ಲಾಡ್ಜಿಗೆ ಬಂದವರೇ ಕ್ಲಬ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪುಗಾಳಿಗೆ, ಹತ್ತಿರದ ಹೊಡೆತದ ಲೇಪನವಿಲ್ಲದ ವೆಜ್ ಕ್ಲಬ್‌ಗಳು ಬಹಳ ಬೇಗ ತುಕ್ಕು ಹಿಡಿಯುತ್ತವೆ. ಕಾಲರ್ ಇರುವ ಟೀ ಶರ್ಟ್ ಹಾಕಿ, ಜೀನ್ಸ್ ಬೇಡ.

ಚಿತ್ತಾಕುಲ:

ನಾಯ್ಕರೆ, ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಪೇಟೆಯಲ್ಲಿ ಯಾಕೆ ಉಳಿಯಬೇಕು? 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನ ಸಂಚಾರದ ಭಾರ ಹೊಸ ಸೇತುವೆಯ ಮೇಲೇ ಬಿತ್ತು. ನದಿಯಾಚೆಯ ಸದಾಶಿವಗಡ, ಮಾಜಾಳಿ ಕಡೆ ಉಳಿದರೆ ಆಟಕ್ಕೆ ಹೋಗಿ ಬರಲು ನದಿ ದಾಟುವ ಪ್ರಶ್ನೆಯೇ ಇಲ್ಲ, ಗೋವಾ ಗಡಿಯೂ ಹತ್ತಿರ. ನಸುಕಿನ 5:45ಕ್ಕೆ ರಸ್ತೆ ಖಾಲಿ ಇರುತ್ತದೆ, ಒಪ್ಪುತ್ತೇನೆ. ಆದರೆ ಆಟ ಮುಗಿಸಿ ಮಧ್ಯಾಹ್ನ ದಣಿದು ಬರುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಗಾಡಿ ಹಿಡಿಯುವಾಗ 12 ಸೀಟಿನ ಟೆಂಪೊ ಟ್ರಾವೆಲರ್ ಬೇಡ, 17ರದ್ದು ಹೇಳಿ. ಡ್ರೈವರ್ ಎಂಬ ಉದ್ದನೆಯ ಕ್ಲಬ್ ಹಾಕಿದ ಬ್ಯಾಗ್ ನಾಲ್ಕು ಅಡಿ ದಾಟುತ್ತದೆ, ಹಿಂದಿನ ಡಿಕ್ಕಿಯಲ್ಲಿ ಆರು ನಿಲ್ಲುವುದಿಲ್ಲ. ನಡುದಾರಿಯಲ್ಲಿ ಅಡ್ಡ ಹಾಕಿದರೆ ಬ್ರೇಕ್ ಹೊಡೆದಾಗ ಜಾರಿ ಬಂದು ಕಾಲಿಗೆ ಬಡಿಯುತ್ತದೆ. ಕೊನೆಯ ಸಾಲಿನ ಸೀಟಿನ ಮೇಲೆ ಮಲಗಿಸಿ ಹಗ್ಗ ಕಟ್ಟಿ. ಹಳದಿ ಬೋರ್ಡ್ ಗಾಡಿಯೇ ಆಗಬೇಕು, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯೇ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕಾಗದ ನೋಡಿ. ಅದಿಲ್ಲದೆ ಗೋವಾದೊಳಗೆ ಸಿಕ್ಕಿಬಿದ್ದರೆ ದಂಡಕ್ಕಿಂತ ದೊಡ್ಡ ನಷ್ಟ ಟೀ ಟೈಮ್ ಹೋಗುವುದು. ಗೋವಾದಲ್ಲಿ ಡೀಸೆಲ್-ಪೆಟ್ರೋಲ್ ಅಗ್ಗ, ಇಂಧನ ನಿಮ್ಮ ಲೆಕ್ಕದಲ್ಲಿದ್ದರೆ ಅಲ್ಲೇ ತುಂಬಿಸಿ.

ಬರುವಾಗ ಬಾಟಲಿ ತರುವ ಆಸೆ ಯಾರಿಗಾದರೂ ಇದ್ದರೆ ಮೊದಲೇ ಬೇಡ ಅನ್ನಿ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ತಪಾಸಣೆ ಮಾಡುತ್ತಾರೆ, ಗಾಲ್ಫ್ ಬ್ಯಾಗಿನ ಜಿಪ್ಪುಗಳನ್ನೂ ಬಿಡುವುದಿಲ್ಲ. ಒಬ್ಬರ ಬಾಟಲಿಗೆ ಇಡೀ ಗಾಡಿ ನಿಲ್ಲುತ್ತದೆ.

ಕೋಡಿಬಾಗ ನಾಯ್ಕ:

ದಾರಿಯ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಇವರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಒಂದೇ ಬೀದಿಯಲ್ಲಿ ಬಂಗಡೆ ಫ್ರೈಯ ಊಟವೂ ಶುದ್ಧ ಸಸ್ಯಾಹಾರಿ ಊಟವೂ ಸಿಗುವುದು ಪೇಟೆಯಲ್ಲೇ, ನದಿಯಾಚೆ ಆಯ್ಕೆ ಕಡಿಮೆ. ನಸುಕಿನ ತಿಂಡಿಯನ್ನಂತೂ ಎಲ್ಲಿ ಉಳಿದರೂ ಹಿಂದಿನ ರಾತ್ರಿಯೇ ಹೇಳಿಡಬೇಕು. 24 ಬಾಳೆಹಣ್ಣು, ಅವಲಕ್ಕಿ, ತಲೆಗೆ ಎರಡು ಲೀಟರ್ ನೀರು ಗಾಡಿಯಲ್ಲಿರಲಿ. ರೆಸಾರ್ಟಿನೊಳಗಿನ ತಿಂಡಿಗೆ ಕೂತರೆ ಬಜೆಟ್ ಅಲ್ಲೇ ಒಡೆಯುತ್ತದೆ. ಊಟಕ್ಕೆ ಕಾಣಕೋಣದ ಚಾವಡಿ ಪೇಟೆಗೆ ಬನ್ನಿ.

ಶಿರಸಿ ಹೆಗಡೆ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಪೇಟೆಯಲ್ಲೇ ಉಳಿಯುತ್ತೇವೆ, 17 ಸೀಟಿನ ಗಾಡಿ. ಒಂದು ತೊಡಕು: ನಮ್ಮಲ್ಲಿ ಒಬ್ಬರು ಎಡಚರು. ಒಂದೇ ಬ್ಯಾಗ್ ಹಂಚಿಕೊಳ್ಳುವುದು ಅವರ ಜೋಡಿಗೆ ಹೇಗೆ? ಅಲ್ಲಿ ಎಡಗೈ ಸೆಟ್ ಬಾಡಿಗೆಗೆ ಸಿಗುತ್ತದೆಯೇ?

ಫೋರ್‌ಬಾಲ್:

ಬಾಡಿಗೆಯ ಎಡಗೈ ಸೆಟ್ ನೆಚ್ಚಿಕೊಂಡು ಹೊರಡಬೇಡಿ, ಇಂಥ ಸಣ್ಣ ಕೋರ್ಸುಗಳಲ್ಲಿ ಸಿಗುವುದು ಅಪರೂಪ. ಬ್ಯಾಗ್ ಮಾತ್ರ ಒಂದೇ ಸಾಕು: 7 ಎಡಗೈಯವು, 7 ಬಲಗೈಯವು. ತಲಾ 3 ವುಡ್, 5 ಹೈಬ್ರಿಡ್, 6, 8, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಪಟರ್. ಡ್ರೈವರ್ ಬಿಟ್ಟರೂ ನಡೆಯುತ್ತದೆ. ಗಾಳಿಯಲ್ಲಿ 3 ವುಡ್ ಹೆಚ್ಚು ನೇರ ಹೋಗುತ್ತದೆ. ಎಡಗೈಯ ಕ್ಲಬ್‌ಗಳಿಗೆ ಕೆಂಪು ಟೇಪ್ ಸುತ್ತಿಡಿ, ಕ್ಯಾಡಿಗೆ ಹುಡುಕಲು ಸುಲಭ. ಆ ಜೋಡಿಗೆ ಹೊಸಬರನ್ನು ಹಾಕಬೇಡಿ, ಏಳೇ ಕ್ಲಬ್‌ನಲ್ಲಿ ದೂರ ಅಳೆದು ಆಡಲು ಇಬ್ಬರಿಗೂ ಸ್ವಲ್ಪ ಅಭ್ಯಾಸ ಬೇಕು.