ಪದಚರ್ಚೆ: ‘ಗೆಸ್ಟ್ ಎಕ್ಸ್‌ಪೀರಿಯೆನ್ಸ್ ಡೆಸ್ಕ್’ಗೆ ಕನ್ನಡದಲ್ಲಿ ಏನು ಬರೆಯಲಿ? ನಾಳೆ ಸಂಜೆ ಅಚ್ಚಿಗೆ

ಅನುವಾದಕಿ, ಬೆಂಗಳೂರು:

ಬಳಗಕ್ಕೆ ನಮಸ್ಕಾರ. ತುರ್ತು. ನಗರದ ನಟ್ಟನಡುವಿನ ಒಂದು ಬಹುಮಹಡಿ ಐಷಾರಾಮಿ ಹೋಟೆಲಿನವರು ಒಳಗಿನ ಫಲಕ, ಚೀಟಿಗಳನ್ನೆಲ್ಲ ಕನ್ನಡದಲ್ಲೂ ಮಾಡಿಸುತ್ತಿದ್ದಾರೆ. ಹೊರಗಿನ ನಾಮಫಲಕ ರಾಜ್ಯದ ಕನ್ನಡ ಭಾಷೆಯ ಕಾಯ್ದೆಗೆ 2024ರ ತಿದ್ದುಪಡಿ ಬಂದಾಗಲೇ ಬದಲಾಗಿದೆ, ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಒಳಗಿನದನ್ನು ಅವರಾಗಿಯೇ ಮಾಡಿಸುತ್ತಿರುವುದು, ಹಾಗಾಗಿ ಕೆಡಿಸಬಾರದು ಅಂತ ನನಗೆ ಹಟ.

ನನಗಿಂತ ಮೊದಲು ಯಾರೋ ಮಾಡಿಕೊಟ್ಟ ಪಟ್ಟಿ ಎದುರಿಗಿದೆ. ‘ಗೆಸ್ಟ್ ಎಕ್ಸ್‌ಪೀರಿಯೆನ್ಸ್ ಡೆಸ್ಕ್’ಗೆ ಅತಿಥಿ ಅನುಭವ ಮೇಜು. ‘ಇನ್ಫಿನಿಟಿ ಪೂಲ್’ಗೆ ಅನಂತ ಕೊಳ. ಸಂಜೆ ಹೊತ್ತು ಕೋಣೆಗೆ ಬಂದು ಪರದೆ ಎಳೆದು, ಹೊದಿಕೆಯ ಮೂಲೆ ಮಡಿಸಿ, ದಿಂಬಿನ ಮೇಲೆ ಚಾಕೊಲೇಟ್ ಇಟ್ಟು ಹೋಗುತ್ತಾರಲ್ಲ, ಆ ‘ಟರ್ನ್‌ಡೌನ್ ಸರ್ವಿಸ್’ಗೆ ತಿರಸ್ಕಾರ ಸೇವೆ. ನಾನು ಕಟ್ಟಿ ಹೇಳುತ್ತಿಲ್ಲ, ಪಟ್ಟಿಯಲ್ಲಿ ಹಾಗೆಯೇ ಇದೆ. ಬಾಗಿಲ ಹಿಡಿಗೆ ನೇತುಹಾಕುವ ‘ಡು ನಾಟ್ ಡಿಸ್ಟರ್ಬ್’ ಚೀಟಿಗೆ ‘ತೊಂದರೆ ಕೊಡಬೇಡಿ’. ಲಾಬಿ ಮತ್ತು ಕಾನ್ಸಿಯರ್ಜ್ (ಉಳಿದುಕೊಂಡವರಿಗೆ ಟಿಕೆಟ್ಟು ಗಿಕೆಟ್ಟು ಹೊಂದಿಸಿಕೊಡುವವರು) ಮುಂದೆ ಖಾಲಿ ಬಿಟ್ಟಿದ್ದಾರೆ. ಪುಣ್ಯ.

ಲಾಬಿಯನ್ನು ಲಾಬಿ ಅಂತಲೇ ಬಿಡೋಣವೆಂದರೆ, ಪತ್ರಿಕೆಗಳ ದಯೆಯಿಂದ ಕನ್ನಡದಲ್ಲಿ ಅದಕ್ಕೆ ಸಚಿವ ಸ್ಥಾನಕ್ಕೆ ಓಡಾಡುವುದು ಎಂಬ ಒಂದೇ ಅರ್ಥ ಉಳಿದಿದೆ. ಬೇಗ ಹೇಳಿ.

ನುಡಿಯೊಲವಿಗ, ಹಾಸನ:

‘ಅತಿತಿ’ (ಮಹಾಪ್ರಾಣ ನಾನು ಬರೆಯಲ್ಲ) ನಮ್ಮದಲ್ಲ. ನಮ್ಮದೇ ಪದ ಹಳಗನ್ನಡದಲ್ಲಿ ಇದೆ: ಬಿದ್ದಿನ. ‘ಬಿರ‍್ದು’ ಅಂದರೆ ಔತಣ, ಕೂಡಿ ಉಣ್ಣುವ ಊಟ. ಅದನ್ನು ಉಣ್ಣಲು ಬಂದವನು ಬಿದ್ದಿನ. ತಮಿಳಿನ ವಿರುಂದು, ತೆಲುಗಿನ ವಿಂದು ಇದರ ಒಡಹುಟ್ಟುಗಳು. ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು.

ಲಾಬಿಗೆ ಮೊಗಸಾಲೆ. ಇನ್ಪಿನಿಟಿ ಪೂಲಿಗೆ ತುಳುಕುಗೊಳ. ಆ ಕೊಳದಲ್ಲಿ ಕೊನೆಯಿಲ್ಲದ್ದು ಏನೂ ಇಲ್ಲ. ಒಂದು ಅಂಚನ್ನು ತುಸು ತಗ್ಗಿಸಿರುತ್ತಾರೆ, ನೀರು ಅಲ್ಲಿಂದ ತುಳುಕಿ ಕೆಳಗಿನ ತೊಟ್ಟಿಗೆ ಇಳಿಯುತ್ತೆ, ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತೆ. ಈಜುವವನ ಕಣ್ಣಿಗೆ ಅಂಚು ಕಾಣಲ್ಲ, ಅಶ್ಟೇ. ‘ಅನುಬವ’ದ ಬದಲು ಹದುಳ, ಅಂದರೆ ನೆಮ್ಮದಿ. ಮನೆಗೆ ಬಂದವರನ್ನು ಹದುಳವಿದ್ದಿರೇ ಎಂದು ಕೇಳಿ ಅಂತ ಬಸವಣ್ಣ ಹೇಳಿಲ್ವಾ? ಬಿದ್ದಿನರ ಹದುಳದ ಕಟ್ಟೆ. ಬರೆದುಕೊಳ್ಳಿ.

ನಿವೃತ್ತ ಮೇಷ್ಟ್ರು, ಧಾರವಾಡ:

28ನೆಯ ಮಹಡಿಯ ಫಲಕದ ಮೇಲೆ ‘ಬಿದ್ದಿನ’ ಅಂತ ಬರೆದರೆ, ಓದಿದವರು ಬಿದ್ದ ದಿನ ಯಾವುದು ಅಂತ ಕೇಳ್ತಾರ. ತೆಗೀರಿ ಅದನ್ನ.

ತುಳುಕುಗೊಳದಲ್ಲಿ ಆದೇಶ ಸಂಧಿ ಮಾಡಿದ್ದೀರಿ. ಹಾಗಾದರೆ ‘ಈಜುಕೊಳ’ ಯಾಕೆ ಹಾಗೇ ಉಳಿಯಿತು? ಊರಿನ ಬೋರ್ಡೆಲ್ಲ ಇಳಿಸಿ ‘ಈಜುಗೊಳ’ ಬರೆಸುತ್ತೀರಾ? ಅಲ್ಲದೆ ತುಂಬಿದ ಕೊಡ ತುಳುಕೂದಿಲ್ಲ ಅನ್ನುವ ನಾಡಿನಲ್ಲಿ, ಒಂದು ರಾತ್ರಿಗೆ ಅಷ್ಟು ದುಡ್ಡು ಇಸಿದುಕೊಂಡು ತುಳುಕುವ ಕೊಳ ತೋರಿಸುವುದು ಶೋಭೆಯಲ್ಲ.

‘ಅತಿಥಿ ಅನುಭವ’ದ ದೋಷ ಅದು ಸಂಸ್ಕೃತ ಅನ್ನುವುದಲ್ಲ. ವಿಭಕ್ತಿ ನುಂಗಿ ಎರಡು ನಾಮಪದ ಅಂಟಿಸಿದ್ದು ದೋಷ. ಅತಿಥಿಗೆ ಆದ ಅನುಭವವೋ, ಅತಿಥಿಯಾಗುವ ಅನುಭವವೋ, ಅತಿಥಿಗಳಿಂದ ಹೋಟೆಲಿನವರಿಗಾದ ಅನುಭವವೋ? ಮೂರನೆಯದಾದರೆ ಒಂದು ಗ್ರಂಥವೇ ಆದೀತು.

ನುಡಿಯೊಲವಿಗ, ಹಾಸನ:

‘ಬಿದ್ದಿನ’ದಲ್ಲಿ ಬಿದ್ದ ದಿನ ಕಂಡಿತು. ‘ಅತಿತಿ’ಯೊಳಗೆ ತಿತಿ ಇದೆ, ಅದು ಕಾಣಲಿಲ್ಲ. ಹನ್ನೊಂದನೇ ದಿನದ ವಡೆ ಪಾಯಸ ನೆನಪಾಗಲ್ವಾ, ಮೇಶ್ಟ್ರೇ? ರೂಡಿಯಾದರೆ ಎಲ್ಲವೂ ಸರಿಯೇ. ಬಿದ್ದಿನವನ್ನೂ ರೂಡಿಗೆ ತರೋಣ. ಸಕ್ಕದ, ಅಂದರೆ ಸಂಸ್ಕ್ರುತ, ಬಿಟ್ಟು ಬರೆಯಬಹುದು ಎಂದು ಕಬ್ಬಿಗ ಆಂಡಯ್ಯ 13ನೇ ನೂರೇಡಿನಲ್ಲೇ ತೋರಿಸಿಕೊಟ್ಟ.

ನಿವೃತ್ತ ಮೇಷ್ಟ್ರು, ಧಾರವಾಡ:

ಬಂದ ನೋಡ್ರಿ ಆಂಡಯ್ಯ. ಈ ಬಳಗದಲ್ಲಿ ಯಾವ ಚರ್ಚೆಯಾದರೂ ಮೂರನೆಯ ಓಲೆಗೆ ಅವನು ಬರಲೇಬೇಕು. ಅವನು ಬಿಟ್ಟದ್ದು ತತ್ಸಮ. ತದ್ಭವವನ್ನು ಹೊಟ್ಟೆತುಂಬ ಉಂಡಿದ್ದಾನೆ. ನಿಮ್ಮ ಮೊಗಸಾಲೆಯ ‘ಸಾಲೆ’ ಯಾರದು? ಶಾಲೆಯದೇ. ಕವಿ ನಯಸೇನನನ್ನೂ ತರುತ್ತೀರಿ ಅಂತ ಗೊತ್ತು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಕನ್ನಡಕ್ಕೆ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂತ ಅವನು 12ನೆಯ ಶತಮಾನದಲ್ಲಿ ಸಿಟ್ಟಾದ ನಿಜ. ಆದರೆ ಆ ಸಿಟ್ಟಿನಲ್ಲಿ ಬಳಸಿದ ಮಾತು ‘ಘೃತಮುಮಂ ತೈಲಮುಮಂ’. ಕನ್ನಡದ ತುಪ್ಪ, ಕನ್ನಡದ ಎಣ್ಣೆ ಎರಡೂ ಅಡಿಗೆಮನೆಯಲ್ಲೇ ಇದ್ದವು.

ನುಡಿಯೊಲವಿಗ, ಹಾಸನ:

ಸಾಲೆ ಬಿಡಿ, ‘ಮೊಗ’ ನಮ್ಮದು. ಸಂಸ್ಕ್ರುತದವರೇ ಅದನ್ನು ದ್ರಾವಿಡದಿಂದ ಎರವು ಪಡೆದರು ಎಂದು ವಾದಿಸಿದ ನುಡಿಯರಿಗರಿದ್ದಾರೆ.

ಅನುವಾದಕಿ, ಬೆಂಗಳೂರು:

ದಯವಿಟ್ಟು. ಮೊಗ ಯಾರದ್ದಾದರೂ ಇರಲಿ, ನನಗೆ ನಾಳೆ ಫಲಕ ಬೇಕು. ಕಾನ್ಸಿಯರ್ಜ್ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ.

ಮೇಲುಕೋಟೆಯವ, ಮೈಸೂರಿನಿಂದ:

ಪಾರುಪತ್ತೆಗಾರ. ದೇವಸ್ಥಾನದಲ್ಲಿ, ಮಠದಲ್ಲಿ ಬಂದವರಿಗೆ ಎಲ್ಲಿ ಇಳಿಯಬೇಕು, ಎಷ್ಟು ಹೊತ್ತಿಗೆ ಊಟ, ಯಾವ ಉತ್ಸವಕ್ಕೆ ಎಲ್ಲಿ ನಿಲ್ಲಬೇಕು ಎಲ್ಲವನ್ನೂ ಹೇಳುವವನು ಅವನೇ. ಇಷ್ಟು ಸರಿಹೊಂದುವ ಪದ ಬೇರೆ ಸಿಗದು.

ನಿವೃತ್ತ ಮೇಷ್ಟ್ರು, ಧಾರವಾಡ:

ಪಾರುಪತ್ತೆ ಅಂದರೆ ಅಧಿಕಾರ. ಅವನು ಹೇಳಿದಲ್ಲಿ ನಾವು ನಿಲ್ಲಬೇಕು. ಕಾನ್ಸಿಯರ್ಜ್ ನಾವು ಹೇಳಿದ ಟಿಕೆಟ್ ತರಬೇಕು. ಉಲ್ಟಾ ಆಯಿತು.

ಹೋಟೆಲು ಮನೆಯವ, ಕುಂದಾಪುರ:

ಗಲ್ಲಾಪೆಟ್ಟಿಗೆಯ ಪಕ್ಕ ಹೋಂವರ್ಕ್ ಮಾಡಿ ಬೆಳೆದವ ನಾನು, ಹಾಗಾಗಿ ಒಂದೆರಡು ಮಾತು. ಮೊದಲಿಗೆ, ಈ ಕಟ್ಟಡವನ್ನು ನೀವೆಲ್ಲ ಹೋಟೆಲು ಅನ್ನುತ್ತಿದ್ದೀರಿ. ಕನ್ನಡಿಗ ‘ಹೋಟೆಲಿಗೆ ಹೋಗುವ ಬಾ’ ಅಂದರೆ ಮಸಾಲೆ ದೋಸೆ, ಕಾಪಿ. ಮಲಗುವುದಕ್ಕೆ ಲಾಡ್ಜು. ಬಡಗಣದವರಿಗೆ ಊಟದ್ದು ಖಾನಾವಳಿ. ಸರ್ಕಾರದ್ದಾದರೆ ಪ್ರವಾಸಿ ಮಂದಿರ. ಊಟ, ನಿದ್ದೆ, ಈಜು ಎಲ್ಲ ಒಂದೇ ಸೂರಿನಡಿ ಇರುವ ಈ ಜಾತಿಗೆ ನಾವು ಹೆಸರೇ ಇಟ್ಟಿಲ್ಲ, ಒಳಗಿನ ಮೇಜಿಗೆ ಹೆಸರು ಹುಡುಕುತ್ತಿದ್ದೇವೆ.

‘ಅನುಭವ’ ಬೇಡವೇ ಬೇಡ. ಸಂಸ್ಕೃತ ಅಂತಲ್ಲ, ಸಮಾಸ ಅಂತಲೂ ಅಲ್ಲ. ಕನ್ನಡದಲ್ಲಿ ಅದು ಒಳ್ಳೆಯದಕ್ಕೂ ಬರುತ್ತದೆ, ಆದರೆ ಎದುರಿಗಿದ್ದವನಿಗೆ ‘ಅನುಭವಿಸಿ’ ಅಂತ ಹೇಳಿದಿರೋ ಅದು ಶಾಪ. ‘ಮಾಡಿದ್ದನ್ನ ಅನುಭವಿಸು’ ಅನ್ನುತ್ತೇವೆ. ಇವರ ಜಾಹೀರಾತಿನಲ್ಲಿ ‘ನಮ್ಮ ಕೊಠಡಿಗಳನ್ನು ಅನುಭವಿಸಿ’ ಅಂತ ಕಂಡಾಗೆಲ್ಲ ನನಗೆ ಅಜ್ಜಿಯ ಬೈಗುಳ ಕೇಳಿಸುತ್ತದೆ.

ಆ ಮೇಜಿನ ಹಿಂದೆ ಏನು ನಡೆಯುತ್ತದೆ ಅಂತ ಇಲ್ಲಿ ಯಾರೂ ಕೇಳಲಿಲ್ಲ. ನನ್ನ ಅಕ್ಕನ ಮಗ ಬೇರೊಂದು ಊರಿನ ಅಂಥದ್ದೇ ಮೇಜಿನಲ್ಲಿದ್ದಾನೆ, ಕೋಟು ಟೈ ಎಲ್ಲ ಇದೆ. ಅವನ ದಿನ ಹೀಗೆ: ಕೋಣೆಯ ದೀಪ ಆರಿಸುವ ಸ್ವಿಚ್ ಸಿಗುತ್ತಿಲ್ಲ. ಕಾರ್ಡು ತಾಗಿಸದೆ ಲಿಫ್ಟ್ ಮೇಲೆ ಹೋಗುತ್ತಿಲ್ಲ. ಮಗುವಿಗೆ ಹಾಲು ಬಿಸಿ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಮೊಸರನ್ನ. ಒಮ್ಮೆ ಒಬ್ಬರು ಅಜ್ಜಿ, ಮಗನ ಜೊತೆ ಬಂದವರು, ನೆಲದಿಂದ ಸೂರಿನವರೆಗೆ ಗಾಜಿರುವ ಮೂಲೆಯ ಕೋಣೆ ಕೊಟ್ಟಿದ್ದಾರೆ. ಅದಕ್ಕೆ ಬಾಡಿಗೆಯೂ ಹೆಚ್ಚು. ಅಜ್ಜಿ ಬಾಗಿಲಿಂದ ಒಳಗೆ ಕಾಲಿಡಲೊಲ್ಲರು. ಗಾಜಿನ ಹತ್ತಿರ ಹೋದರೆ ತಲೆ ತಿರುಗುತ್ತದಂತೆ. ಇವ ಹೋಗಿ ಪರದೆ ಪೂರ್ತಿ ಎಳೆದು, ಹಾಸಿಗೆಯನ್ನು ಗೋಡೆಯ ಕಡೆ ಜರುಗಿಸಿ, ಬಚ್ಚಲಿನಲ್ಲಿ ಒಂದು ಬಕೆಟ್ಟು ಚೊಂಬು ಇಡಿಸಿದ. ಅಷ್ಟಾದ ಮೇಲೆ ಅಜ್ಜಿ ನಿದ್ದೆ ಮಾಡಿದರಂತೆ. ಆ ಹೋಟೆಲಿನಲ್ಲಿ ಬಕೆಟ್ಟು ಎಲ್ಲಿಂದ ತಂದ ಅಂತ ಕೇಳಬೇಡಿ.

ಇದಕ್ಕೆ ನಮ್ಮ ಮಾತು ‘ವಿಚಾರಿಸಿಕೊಳ್ಳುವುದು’. ಮದುವೆಯಿಂದ ಬಂದವರು ‘ಊಟ ಹೇಗಿತ್ತು’ ಅಂದರೆ ಒಂದು ಉತ್ತರ, ‘ಚೆನ್ನಾಗಿ ವಿಚಾರಿಸಿಕೊಂಡರು’ ಅಂದರೆ ಅದು ಬೇರೆಯೇ ಮಾತು. ಮೇಜಿನ ಮೇಲೆ ಹೆಸರು ಬೇಡ, ‘ಏನು ಬೇಕಿದ್ದರೂ ಇಲ್ಲಿ ಕೇಳಿ’ ಅಂತ ಬರೆಯಿರಿ.

ಬಾಗಿಲ ಚೀಟಿಗೆ ‘ಕದ ತಟ್ಟಬೇಡಿ’. ‘ತೊಂದರೆ ಕೊಡಬೇಡಿ’ ಅಂದರೆ ದಿನಾ ಕೋಣೆ ಗುಡಿಸಲು ಬರುವ ಹುಡುಗಿಗೆ ಅವಳೇ ತೊಂದರೆ ಅಂದಹಾಗೆ. ಚೀಟಿಯ ಹಿಂಬದಿಗೆ ‘ಕೋಣೆ ಗುಡಿಸಿ’. ಸಂಜೆಯದಕ್ಕೆ ‘ಹಾಸಿಗೆ ಹಾಸಿಕೊಡುವುದು’, ಸೇವೆ ಗೀವೆ ಏನೂ ಬೇಡ.

ನಿವೃತ್ತ ಮೇಷ್ಟ್ರು, ಧಾರವಾಡ:

ಕದ ತಟ್ಟಬೇಡಿ: ಒಪ್ಪಿದೆ. ಇಡೀ ಚರ್ಚೆಯಲ್ಲಿ ಬಂದ ಮೊದಲ ಕನ್ನಡ ವಾಕ್ಯ.

ವಿಚಾರಿಸಿಕೊಳ್ಳುವುದು ಬಾಯಲ್ಲಿ ಚಂದ, ಫಲಕದಲ್ಲಿ ನಾಮಪದವಾದರೆ ‘ವಿಚಾರಣೆ’. ಅದು ರೈಲ್ವೆ ನಿಲ್ದಾಣದ ಕಿಟಕಿ ಇಲ್ಲವೇ ಪೊಲೀಸ್ ಠಾಣೆ. ‘ಉಪಚಾರ’ ಅನ್ನೋಣವೆಂದರೆ ನಮ್ಮ ಕಡೆ ಔಷಧೋಪಚಾರ ನೆನಪಾಗುತ್ತದೆ. ಅತಿಥಿ ಸತ್ಕಾರ ಅಂತ ಹಾಕಿರಿ. ಸಮಾಸವೂ ಸರಿ, ಅರ್ಥವೂ ಸರಿ. ಲಾಬಿಗೆ ಪಡಸಾಲೆ.

ಮೇಲುಕೋಟೆಯವ, ಮೈಸೂರಿನಿಂದ:

ಪಡಸಾಲೆ ನಿಮ್ಮ ಕಡೆಯ ಮನೆಯೊಳಗಿನದು. ಬೆಂಗಳೂರಿನ ಹೋಟೆಲಿಗೆ ಹಜಾರ ಅನ್ನಿ.

ನಿವೃತ್ತ ಮೇಷ್ಟ್ರು, ಧಾರವಾಡ:

ಬೆಂಗಳೂರು ನಿಮ್ಮ ಕಡೆ ಅಂತ ಯಾವಾಗ ತೀರ್ಮಾನವಾಯಿತು?

ಹೋಟೆಲು ಮನೆಯವ, ಕುಂದಾಪುರ:

ಹಾಗಾದರೆ ನಮ್ಮ ಚಾವಡಿಯನ್ನೂ ಸೇರಿಸಿ, ಮಲೆನಾಡಿನವರು ಜಗಲಿ ತರುತ್ತಾರೆ. ಹೊರಗೆ ನಿಲ್ಲುವ ಗಿರಾಕಿ ಅಲ್ಲಿಯೇ ನಿಂತಿರಲಿ.

ನುಡಿಯೊಲವಿಗ, ಹಾಸನ:

ನಾಲ್ಕು ಕಡೆಯವರೂ ಜಗಳವಿಲ್ಲದೆ ಓದುವ ಪದ ಮೊಗಸಾಲೆ ಒಂದೇ. ವಿದಾನಸವ್ದದ ಸುದ್ದಿಯಲ್ಲಿ ದಿನಾ ಬರುತ್ತೆ. ‘ಸತ್ಕಾರ’ಕ್ಕೆ ನನ್ನ ಒಪ್ಪಿಗೆ ಇಲ್ಲ. ಎರವಲು ತಂದದ್ದನ್ನು ಹೊಸ ಕಟ್ಟಡದಲ್ಲೂ ಕೂರಿಸಿದರೆ ಕನ್ನಡಕ್ಕೆ ಜಾಗ ಯಾವಾಗ?

ಹೋಟೆಲು ಮನೆಯವ, ಕುಂದಾಪುರ:

ಇಂಗ್ಲಿಷಿನ ಹೋಟೆಲ್ ಫ್ರೆಂಚರದ್ದು, ಅವರಿಗದು ಲ್ಯಾಟಿನ್ನಿನಿಂದ ಬಂತು, ಆಸ್ಪತ್ರೆಯೂ ಅದೇ ಬೇರಿನದು. ಆ ಮೂಲದ ಪದಕ್ಕೆ ಬಂದವ, ಬರಮಾಡಿಕೊಂಡವ ಎರಡೂ ಅರ್ಥ. ಅವರೇನೂ ನಾಚಿಕೊಂಡ ಹಾಗಿಲ್ಲ. ನಾವು ‘ಸಪ್ಲೈಯರ್’ ಅಂತ ಇಂಗ್ಲಿಷಿನದನ್ನೇ ಎತ್ತಿಕೊಂಡು ದೋಸೆ ತರುವವನಿಗೆ ಇಟ್ಟೆವು. ಇಂಗ್ಲೆಂಡಿನವನಿಗೆ ಹೇಳಿದರೆ ಅವನು ಅಕ್ಕಿ ಮೂಟೆ ಕಳಿಸುವವ ಅಂದುಕೊಳ್ಳುತ್ತಾನೆ. ಅದು ಈಗ ಕನ್ನಡವೇ.

ನುಡಿಯೊಲವಿಗ, ಹಾಸನ:

ಸಪ್ಲಯರ್ ಬೇರೆ ಮಾತು. ಜನ ತಂದದ್ದು. ಸತ್ಕಾರ ಪಂಡಿತರು ತಂದದ್ದು.

ನಿವೃತ್ತ ಮೇಷ್ಟ್ರು, ಧಾರವಾಡ:

ಬಿದ್ದಿನ ಯಾರು ತಂದದ್ದು? ಸಂತೆಯಲ್ಲಿ ಕೇಳಿ ಬಂದಿರೇನು?

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ಕೃತಜ್ಞತೆ, ಜಗಳಕ್ಕೂ ಸೇರಿಸಿ. ಕಳಿಸಿದ್ದು ಹೀಗೆ: ಮೇಜಿನ ಮೇಲೆ ದೊಡ್ಡಕ್ಷರದಲ್ಲಿ ಅತಿಥಿ ಸತ್ಕಾರ, ಕೆಳಗೆ ಸಣ್ಣದಾಗಿ ‘ಏನು ಬೇಕಿದ್ದರೂ ಕೇಳಿ’. ಲಾಬಿಗೆ ಮೊಗಸಾಲೆ. ಕೊಳಕ್ಕೆ ‘ಅಂಚು ಕಾಣದ ಈಜುಕೊಳ’ ಅಂತ ಬರೆದೆ, ಆದರೆ ಸುರಕ್ಷತೆ ನೋಡಿಕೊಳ್ಳುವವರು ಅಷ್ಟು ಎತ್ತರದಲ್ಲಿ ‘ಅಂಚು ಕಾಣದ’ ಅಂದರೆ ಜನ ಹೆದರುತ್ತಾರೆ ಎಂದು ಬರೀ ‘ಈಜುಕೊಳ’ ಮಾಡಿದರು. ಚೀಟಿಗೆ ಕದ ತಟ್ಟಬೇಡಿ, ಹಿಂಬದಿಗೆ ಕೋಣೆ ಗುಡಿಸಿ. ಕಾನ್ಸಿಯರ್ಜ್ ಕಾನ್ಸಿಯರ್ಜ್ ಆಗಿಯೇ ಉಳಿಯಿತು. ಅವರ ಕೋಟಿನ ಮಡಿಕೆಯಲ್ಲಿ ಅಡ್ಡಹಾಕಿದ ಎರಡು ಚಿನ್ನದ ಬಣ್ಣದ ಕೀಲಿಗಳಿರುತ್ತವೆ, ಗೊತ್ತಿದ್ದವರು ಅದನ್ನು ನೋಡಿಯೇ ಹೋಗುತ್ತಾರಂತೆ.

ಹೋಟೆಲು ಮನೆಯವ, ಕುಂದಾಪುರ:

ಅಚ್ಚಿಗೆ ಮುಂಚೆ ಒಂದು ನೋಡಿ. ಇವರ ಹಿತ್ತಾಳೆ ಪಟ್ಟಿಗಳನ್ನು ಇಂಗ್ಲಿಷಿನ ಅಕ್ಷರದ ಎತ್ತರಕ್ಕೆ ಅಳೆದು ಕತ್ತರಿಸಿರುತ್ತಾರೆ. ‘ಸತ್ಕಾರ’ದ ಕಕಾರದ ಒತ್ತು, ‘ತಟ್ಟ’ದ ಒತ್ತು ಕೆಳಗೆ ಇಳಿಯುತ್ತವೆ. ಜಾಗ ಸಾಲದೆ ಕೆತ್ತುವವ ಒತ್ತನ್ನು ಅರ್ಧಕ್ಕೆ ಕೊಯ್ದದ್ದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ಕೆಳಗೆ ಅಕ್ಷರದ ಅರ್ಧದಷ್ಟು ಜಾಗ ಬಿಡಲು ಈಗಲೇ ಹೇಳಿ.