ಪ್ರಶ್ನೋತ್ತರ: ಏರಿನಲ್ಲಿ ಕಾಲು ಸೋಲುವುದೇಕೆ, ಥ್ರೆಶೋಲ್ಡ್ ಕಂಡುಕೊಳ್ಳುವುದು ಹೇಗೆ?

ಪ್ರಶ್ನೆ: ಮೇಡಂ, ಮಡಿಕೇರಿಯವನು, ವಯಸ್ಸು 41. ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆದಿದೆ. ನನ್ನ ಗರಿಷ್ಠ ಹೃದಯ ಬಡಿತ 179 ಅಂತ ವಾಚ್ ಹೇಳುತ್ತೆ. ಏರಿನಲ್ಲಿ 165 ದಾಟಿದರೆ ಹತ್ತೇ ನಿಮಿಷಕ್ಕೆ ಕಾಲು ಕಲ್ಲಾಗುತ್ತೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಳ್ಳುತ್ತೆ ಅಂತಾರೆ. ಥ್ರೆಶೋಲ್ಡ್ ಟೆಸ್ಟ್‌ಗೆ ಬೆಂಗಳೂರಿಗೇ ಹೋಗಬೇಕಾ?

ಉತ್ತರ: ಬೇಡ. ಮೊದಲು ಆ 179 ಬಿಟ್ಟುಬಿಡಿ. ಅದು 220ರಲ್ಲಿ ವಯಸ್ಸು ಕಳೆದ ಲೆಕ್ಕ ಅಷ್ಟೇ. ನಿಜವಾದ ಗರಿಷ್ಠ 10–12 ಬಡಿತ ಆಚೀಚೆ ಇರುವುದು ಮಾಮೂಲಿ. ಅದರ ಮೇಲೆ ವಾಚ್ ಕಟ್ಟಿಕೊಡುವ ಝೋನ್‌ಗಳೂ, ಅಂದರೆ ಬಡಿತದ ಹಂತಗಳೂ, ಅಷ್ಟೇ ತಪ್ಪು.

ಥ್ರೆಶೋಲ್ಡ್ ಅಂದರೆ ಶ್ರಮ ಏರಿದಂತೆ ದೇಹದ ವರ್ತನೆ ಬದಲಾಗುವ ಗಡಿ. ಅಂಥವು ಎರಡಿವೆ. ಮೊದಲನೆಯದರ ಕೆಳಗೆ ಪೂರ್ತಿ ವಾಕ್ಯ ಸಲೀಸಾಗಿ ಆಡಬಹುದು. ಅದು ದಾಟಿದಾಗ ರಕ್ತದ ಲ್ಯಾಕ್ಟೇಟ್ (ಜನ ಲ್ಯಾಕ್ಟಿಕ್ ಆಸಿಡ್ ಅನ್ನುವುದು ಇದನ್ನೇ) ವಿಶ್ರಾಂತಿಯ ಮಟ್ಟಕ್ಕಿಂತ ಏರುತ್ತದೆ, ಆದರೆ ಒಂದು ಕಡೆ ನಿಲ್ಲುತ್ತದೆ. ಎರಡನೆಯದು ದಾಟಿದರೆ ನಿಲ್ಲುವುದೇ ಇಲ್ಲ. ಬಾಯಲ್ಲಿ ಎರಡು ಮೂರು ಪದ ಬಂದರೆ ಹೆಚ್ಚು. ವೇಗ ಒಂದೇ ಇದ್ದರೂ ಆಮ್ಲಜನಕದ ಬೇಡಿಕೆ ನಿಮಿಷ ನಿಮಿಷಕ್ಕೂ ಗರಿಷ್ಠದ ಕಡೆ ಹತ್ತುತ್ತದೆ. ನಿಮ್ಮ ಏರಿನಲ್ಲಿ ಆಗುತ್ತಿರುವುದು ಬಹುಶಃ ಇದೇ.

ಲ್ಯಾಕ್ಟೇಟ್ ಪಾಪದ್ದು, ಬೈಯಬೇಡಿ. ಹೃದಯವೂ ಬೇರೆ ಸ್ನಾಯುಗಳೂ ಅದನ್ನೇ ಉರಿಸಿಕೊಳ್ಳುತ್ತವೆ. ಕಾಲು ಸೋಲಿಸುವುದರಲ್ಲಿ ಸ್ನಾಯುಕೋಶದೊಳಗೆ ಸೇರುವ ಫಾಸ್ಫೇಟ್, ಹೊರಗೆ ಸೋರುವ ಪೊಟ್ಯಾಸಿಯಂ, ಹೈಡ್ರೋಜನ್ ಅಯಾನುಗಳ ಪಾಲು ದೊಡ್ಡದು.

ಪ್ರಶ್ನೆ: ಹಾಗಾದರೆ ಎರಡನೆಯದನ್ನು ಇಲ್ಲೇ ಅಳೆಯೋದು ಹೇಗೆ?

ಉತ್ತರ: ಬಿಪಿ, ಶುಗರ್, ಎದೆನೋವು ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಉಳಿದವರಿಗೆ ಉದ್ದ ಅಳೆದ ಸಮತಟ್ಟು ಮೈದಾನ ಸಾಕು. 15 ನಿಮಿಷ ವಾರ್ಮಪ್ ಮಾಡಿ 1200 ಮೀಟರ್ ಪೂರ್ತಿ ಶಕ್ತಿ ಹಾಕಿ ಓಡಿ. ಒಂದೆರಡು ದಿನ ಬಿಟ್ಟು 3000 ಮೀಟರ್. 1200ಕ್ಕೆ 5:00, 3000ಕ್ಕೆ 13:45 ಬಂತು ಅಂದುಕೊಳ್ಳಿ. ದೂರದ ವ್ಯತ್ಯಾಸ 1800 ಮೀಟರ್, ಸಮಯದ್ದು 525 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 3.43 ಮೀಟರ್, ಅಂದರೆ ಕಿಲೋಮೀಟರಿಗೆ ಸುಮಾರು 4:52. ಇದು ಕ್ರಿಟಿಕಲ್ ಸ್ಪೀಡ್, ಎರಡನೇ ಥ್ರೆಶೋಲ್ಡ್‌ನ ಆಸುಪಾಸು. ಹಾಫ್ ಮ್ಯಾರಥಾನನ್ನು ಇದಕ್ಕಿಂತ ನಿಧಾನಕ್ಕೇ ಓಡಬೇಕು.

ಆ ವೇಗದಲ್ಲಿ 300 ಸೆಕೆಂಡಿಗೆ 1029 ಮೀಟರ್ ಆಗುತ್ತದೆ, ನೀವು ಓಡಿದ್ದು 1200. ಅಂದರೆ ಆ ವೇಗ ಮೀರಿ ಖರ್ಚು ಮಾಡಲು ಸಿಗುವುದು ಬರೀ 171 ಮೀಟರ್. ಏರಿನ ಬುಡದಲ್ಲೇ ಅದನ್ನು ಸುರಿದುಬಿಟ್ಟರೆ ಮೇಲೆ ನಡೆಯುವುದೇ ಗತಿ.

ಟೆಸ್ಟ್ ಕೆಡುವುದು ಸಾಮಾನ್ಯವಾಗಿ 3000ದಲ್ಲಿ: ಮೊದಲ ಸುತ್ತು ಜೋರು, ಕೊನೆಗೆ ಕುಸಿತ. ಆಗ ಉತ್ತರ ನಿಜಕ್ಕಿಂತ ಕಮ್ಮಿ ಬರುತ್ತದೆ. ಜೂನ್–ಜುಲೈ ಮಳೆಯಲ್ಲಿ, ಕೆಸರು ಮೈದಾನದಲ್ಲಿ ಮಾಡಿದ್ದನ್ನು ಡಿಸೆಂಬರಿನದಕ್ಕೆ ಹೋಲಿಸಲೂಬೇಡಿ.

ಏರಿನಲ್ಲಿ ಪೇಸ್ (ಕಿಲೋಮೀಟರಿಗೆ ಹಿಡಿಯುವ ಸಮಯ) ನೋಡಬೇಡಿ. ಹೃದಯ ಬಡಿತವೂ ಒಂದೆರಡು ನಿಮಿಷ ತಡವಾಗಿ ಏರುವುದರಿಂದ ಮೊದಲ ನಿಮಿಷಗಳಲ್ಲಿ ಉಸಿರನ್ನೇ ನಂಬಿ. ಬಡಿತದ ಅಂಕಿ ಬೇಕೇ ಬೇಕು ಅಂದರೆ, 30 ನಿಮಿಷ ಒಬ್ಬರೇ ಪೂರ್ತಿ ಶಕ್ತಿಯಲ್ಲಿ ಸಮವೇಗದಿಂದ ಓಡಿ, ಕೊನೆಯ 20 ನಿಮಿಷದ ಸರಾಸರಿ ತೆಗೆದುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ನಾನು ಸೈಕಲ್ ಮೇಡಂ. ಸಂಪಾಜೆ ಘಾಟಿ ಫ್ರೆಶ್ ಇದ್ದಾಗ ಆರಾಮ. ಮೂರು ತಾಸು ತುಳಿದು ಬಂದಮೇಲೆ ಅದೇ ವ್ಯಾಟ್ಸ್‌ನಲ್ಲಿ, ಅಂದರೆ ಅಷ್ಟೇ ಜೋರಾಗಿ ತುಳಿದರೂ, ಉಸಿರು ಸಿಗಲ್ಲ.

ಉತ್ತರ: ದಣಿದಾಗ ಥ್ರೆಶೋಲ್ಡೇ ಕೆಳಗಿಳಿಯುತ್ತದೆ, ಅದಕ್ಕೆ. ಬೆಳಿಗ್ಗೆಯ ಅಂಕಿ ಮಧ್ಯಾಹ್ನಕ್ಕೆ ನಡೆಯದು. ಶುರುವಿನ ತಾಸುಗಳನ್ನು ಮೊದಲ ಥ್ರೆಶೋಲ್ಡ್‌ನ ಕೆಳಗೇ ಇಡಿ. ಮೊದಲ ಅರ್ಧ ಗಂಟೆಯಿಂದಲೇ ತಾಸಿಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ. ದೊಡ್ಡ ಬಾಟಲಿಯಲ್ಲಿ 40 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಜೊತೆಗೊಂದು ಬಾಳೆಹಣ್ಣು ಅಂದರೆ ಲೆಕ್ಕ ಸರಿಹೋಯಿತು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅರ್ಧರ್ಧ ಇರುತ್ತವೆ, ದುಬಾರಿ ಎನರ್ಜಿ ಜೆಲ್‌ಗಳೂ ಈ ಎರಡನ್ನೇ ಬೆರೆಸುವುದು. ರೂಢಿಯಾದ ಮೇಲೆ ತಾಸಿಗೆ 90 ಗ್ರಾಂವರೆಗೆ ಹೋಗಬಹುದು. ಅಭ್ಯಾಸವಿಲ್ಲದೆ ರೇಸಿನ ದಿನವೇ ಅಷ್ಟು ಕುಡಿದರೆ ಹೊಟ್ಟೆ ಕೆಡುತ್ತದೆ.