ಪೈಕ್ಸ್ ಪೀಕ್ ಪ್ರಾಕ್ಟೀಸ್ ದಿನಗಳ ಫೋಟೋ: ಎಲ್ಲಿ ನಿಲ್ಲುವುದು, ನಸುಕಿಗೆ ಯಾವ ಸೆಟ್ಟಿಂಗ್?

ಕುಂಬಳೆ_ಕ್ಲಿಕ್

ಜೂನ್ ಕೊನೆಗೆ ಕೊಲರಾಡೋದಲ್ಲಿರ್ತೇನೆ. ಪೈಕ್ಸ್ ಪೀಕ್ ಬೆಟ್ಟ ಹತ್ತುವ ಕಾರ್ ರೇಸಿನ ದಿನದ ಬದಲು ಆ ವಾರದ ಪ್ರಾಕ್ಟೀಸಿಗೆ ಎರಡು ದಿನ ಹೋಗುವ ಅಂತ ಉಂಟು. ಕೈಯಲ್ಲಿರುವುದು ಕೆನಾನ್ ಆರ್7 ಕ್ಯಾಮೆರಾ, 100-500 (ಎಫ್4.5-7.1) ಮತ್ತೆ 50 ಎಫ್1.8 ಲೆನ್ಸ್. ಪ್ರಾಕ್ಟೀಸ್ ಸೂರ್ಯ ಹುಟ್ಟುವ ಹೊತ್ತಿಗೇ ಶುರು ಅಂತಾರೆ. ಆ ಬೆಳಕಿಗೆ 100-500 ಸಾಕಾ? ಮೇಲೆ ಹೋಗುವುದಾ, ಕಾಡಿನ ಭಾಗದಲ್ಲಿ ನಿಲ್ಲುವುದಾ? ಹಕ್ಕಿ ತೆಗೆದು ಅಭ್ಯಾಸ ಉಂಟು, ಪ್ಯಾನಿಂಗ್ (ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು) ಅಷ್ಟಕ್ಕಷ್ಟೆ.

ಬದಿಯಡ್ಕ_ಬಂಪರ್

ರೇಸಿನ ದಿನ ಬೇಡ ಅಂದದ್ದು ಒಳ್ಳೆದಾಯ್ತು. ಅವತ್ತು ಪ್ರತಿ ಕಾರು ನಿಮ್ಮೆದುರು ಒಂದೇ ಸಲ ಹೋಗುವುದು. ತಪ್ಪಿದರೆ ಮುಗಿಯಿತು, ಜಾಗ ಬದಲಿಸ್ಲಿಕ್ಕೂ ಆಗುವುದಿಲ್ಲ. ಪ್ರಾಕ್ಟೀಸಿನಲ್ಲಿ 19.99 ಕಿ.ಮೀ. ರಸ್ತೆಯನ್ನು ಮೂರು ತುಂಡು ಮಾಡಿ, ಕಾರುಗಳನ್ನೂ ಗುಂಪು ಮಾಡಿ, ದಿನಕ್ಕೊಂದು ಗುಂಪಿಗೆ ಒಂದೊಂದು ತುಂಡು ಕೊಡ್ತಾರೆ. ಒಂದೇ ಕಾರು ಅದೇ ತಿರುವಿಗೆ ಮತ್ತೆ ಮತ್ತೆ ಬರ್ತದೆ. ಮೊದಲ ರನ್ನಿನಲ್ಲಿ ಅದು ಹಿಡಿಯುವ ದಾರಿ ನೋಡಿಟ್ಟುಕೊಳ್ಳಿ, ಮೂರನೆಯದರಲ್ಲಿ ತೆಗೆಯಿರಿ.

ಕೆಳಗಿನ ತುಂಡು 2,862 ಮೀಟರಿನ ಸ್ಟಾರ್ಟಿಂದ ಮೇಲಕ್ಕೆ, ಪೂರ್ತಿ ಕಾಡು. ಕ್ವಾಲಿಫೈಯಿಂಗ್ (ಅರ್ಹತಾ ಸುತ್ತಿನ) ಸಮಯ ಲೆಕ್ಕ ಹಾಕುವುದು ಇಲ್ಲಿಯೇ, ಹಾಗಾಗಿ ಡ್ರೈವರ್‌ಗಳು ಕೈ ಬಿಗಿ ಹಿಡಿಯುವುದಿಲ್ಲ. ಆದರೆ ಮರದ ನೆರಳು ಬಹಳ ಹೊತ್ತು ಇರ್ತದೆ, ಬಿಸಿಲು ಬಂದ ಮೇಲೆ ರಸ್ತೆ ಪಟ್ಟೆಪಟ್ಟೆ. ನಡುವಿನದ್ದು ಗ್ಲೆನ್ ಕೋವ್‌ನಿಂದ ಡೆವಿಲ್ಸ್ ಪ್ಲೇಗ್ರೌಂಡ್‌ವರೆಗೆ. 'ಡಬ್ಲ್ಯೂ' ಎನ್ನುವ ಹೇರ್‌ಪಿನ್ ಸರಣಿ ಇದರಲ್ಲೇ ಬರುವುದು. ಮೇಲಿಂದ ನೋಡಿದರೆ ಒಂದೇ ಕಾರು ಮೂರ್ನಾಲ್ಕು ಮಜಲಿನಲ್ಲಿ ಕಾಣ್ತದೆ. ಮೇಲಿನದ್ದು ಅಲ್ಲಿಂದ 4,302 ಮೀಟರಿನ ತುದಿಗೆ, ಮರವೇ ಇಲ್ಲ, ಬರೀ ಕಲ್ಲು ಮತ್ತು ಆಕಾಶ.

ನಿಮಗೆ ಎರಡೇ ದಿನವಾದರೆ ಒಂದು ದಿನ ಡಬ್ಲ್ಯೂ, ಒಂದು ದಿನ ಮೇಲೆ. ಮೂರನ್ನೂ ನೋಡುವ ಆಸೆ ಬಿಡಿ. ಯಾವ ದಿನ ಯಾವ ತುಂಡಿಗೆ ಪ್ರೇಕ್ಷಕರನ್ನು ಬಿಡ್ತಾರೆ ಎಂದು ಆ ವರ್ಷದ ಟಿಕೆಟಿನ ಜೊತೆಗೇ ನೋಡಿ. ರಸ್ತೆ ಮುಚ್ಚುವ ಮುಂಚೆ, ಕತ್ತಲಲ್ಲೇ ಮೇಲೆ ಮುಟ್ಟಬೇಕು. ಪ್ರಾಕ್ಟೀಸ್ ಮುಗಿದ ಮೇಲೆ ಅದೇ ರಸ್ತೆ ಪ್ರವಾಸಿಗಳಿಗೆ, ಹಾಗಾಗಿ ನಿಮಗೆ ಸಿಗುವುದು ಮೂರು ಗಂಟೆಯ ಆಸುಪಾಸು.

ನಿಲ್ಲುವುದು ತಿರುವಿನ ಒಳಬದಿಯಲ್ಲಿ, ಎತ್ತರದ ದರೆ ಮೇಲೆ. ಹೊರಬದಿಗೆ, ಅದರಲ್ಲೂ ತಿರುವು ಬಿಚ್ಚಿಕೊಳ್ಳುವ ಜಾಗಕ್ಕೆ, ಮಾರ್ಷಲ್ (ರಸ್ತೆ ಕಾಯುವ ರೇಸಿನ ಸಿಬ್ಬಂದಿ) ಬಿಟ್ಟರೂ ಹೋಗಬೇಡಿ. ಜಾರಿದ ಕಾರು ಬರುವುದು ಅಲ್ಲಿಗೇ. ಡ್ರೋನ್ ನಿಷೇಧ.

ಹೊಸೂರು_ಪ್ಯಾನರ್

ಸೆಟ್ಟಿಂಗ್ ವಿಷಯ ನಾನು ಹೇಳ್ತೀನಿ ಸಾರ್.

ಜೂನ್ ಕೊನೇಲಿ ಅಲ್ಲಿ ಸೂರ್ಯ ಹುಟ್ಟೋದು 5.35ರ ಸುಮಾರಿಗೆ, ನೇರ ಪೂರ್ವಕ್ಕಲ್ಲ, ಅಲ್ಲಿಂದ ಉತ್ತರದ ಕಡೆಗೆ ಸುಮಾರು 30 ಡಿಗ್ರಿ ಸರಿದು. ಜಾಗ ಆರಿಸೋವಾಗ ದಿಕ್ಸೂಚಿ ನೋಡಿ. ಅದಕ್ಕೂ ಮುಂಚಿನ ಅರ್ಧ ಗಂಟೆ ಬೆಳಕು ನಾಲ್ಕೈದು ನಿಮಿಷಕ್ಕೆ ಒಂದು ಸ್ಟಾಪ್ (ಅಂದ್ರೆ ಇಮ್ಮಡಿ) ಏರುತ್ತೆ. ಆಟೋ ಎಕ್ಸ್‌ಪೋಶರ್ ನಂಬಬೇಡಿ. ಹೆಡ್‌ಲೈಟ್ ಕಂಡ ತಕ್ಷಣ ಮೀಟರ್ ಮೋಸ ಹೋಗಿ ಕಾರು ಕಪ್ಪಾಗುತ್ತೆ. ಪೂರ್ತಿ ಮ್ಯಾನ್ಯುಯಲ್ ಇಟ್ಟು, ಪ್ರತಿ ಎರಡು ಕಾರಿಗೊಮ್ಮೆ ಖಾಲಿ ರಸ್ತೆ ಹೊಡೆದು ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸೋ ಗ್ರಾಫ್) ನೋಡಿ.

100-500 ಆ ಹೊತ್ತಲ್ಲಿ 100ರ ತುದಿಯಲ್ಲಿ ಮಾತ್ರ ಉಪಯೋಗ. ಎಫ್4.5, 1/250, ಐಎಸ್‌ಒ 6400 ಅಂದ್ರೆ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆಯಿಂದ ನಡೆಯುತ್ತೆ. 500ಕ್ಕೆ ಹೋದ್ರೆ ಎಫ್7.1, ಒಂದೂಕಾಲು ಸ್ಟಾಪ್‌ಗಿಂತ ಜಾಸ್ತಿ ಹೋಯ್ತು. ಅದಕ್ಕಿಂತ ಕತ್ತಲಲ್ಲಿ 50 ಎಫ್1.8 ಹಾಕಿ. ಎದುರಿಂದ ಬರೋ ಹೆಡ್‌ಲೈಟ್‌ಗೆ ಆಟೋಫೋಕಸ್ ಹುಡುಕಾಡುತ್ತೆ. ರಸ್ತೆ ಅಂಚಿನ ಬಿಳಿ ಗೆರೆಗೆ ಮೊದಲೇ ಫೋಕಸ್ ಮಾಡಿ ಬೀಗ ಹಾಕಿ, ಕಾರು ಅಲ್ಲಿಗೆ ಬಂದು ಪಕ್ಕಕ್ಕೆ ತಿರುಗಿದಾಗ ಒತ್ತಿ. ಇನ್ನೂ ಒಳ್ಳೆ ದಾರಿ: ಬೆಳಕಿಲ್ಲ ಅಂತ ಅಳೋ ಬದಲು 1/30ಕ್ಕೆ ಇಳಿಸಿ ಪ್ಯಾನ್ ಮಾಡಿ. ಹತ್ತಕ್ಕೆ ಎಂಟು ಹಾಳಾಗುತ್ತೆ. ಹಾಳಾಗ್ಲಿ, ಮತ್ತೆ ಬರುತ್ತಲ್ಲ.

ಹಕ್ಕಿ ತೆಗೆಯೋರು ಇಲ್ಲಿ ಮಾಡೋ ದೊಡ್ಡ ತಪ್ಪು 1/2000 ಶಟರ್. ಲೆಕ್ಕ ನೋಡಿ: 72 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 20 ಮೀಟರ್. ಟೈರ್ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್, ಅಂದ್ರೆ ಸೆಕೆಂಡಿಗೆ 10 ಸುತ್ತು. 1/1000ರಲ್ಲಿ ಚಕ್ರ 3.6 ಡಿಗ್ರಿ ಮಾತ್ರ ತಿರುಗುತ್ತೆ, ಕಾರು ನಿಲ್ಲಿಸಿಟ್ಟ ಹಾಗೆ ಕಾಣುತ್ತೆ. 1/125ರಲ್ಲಿ 29 ಡಿಗ್ರಿ, 1/60ರಲ್ಲಿ 60. ಹೇರ್‌ಪಿನ್‌ನಲ್ಲಿ ವೇಗ ಇನ್ನೂ ಕಮ್ಮಿ, ಹಾಗಾಗಿ ಅಲ್ಲಿ 1/60, ನೇರ ರಸ್ತೆಯಲ್ಲಿ 1/125ರಿಂದ 1/160. ಎದುರಿಂದ ಬರೋದಕ್ಕೆ ಮಾತ್ರ 1/500ಕ್ಕಿಂತ ಮೇಲೆ.

ಆರ್7ನಲ್ಲಿ ಎಲೆಕ್ಟ್ರಾನಿಕ್ ಶಟರ್ ಬೇಡವೇ ಬೇಡ. ಸೆನ್ಸರ್ ಓದೋದು ನಿಧಾನ. ಪ್ಯಾನ್ ಮಾಡುವಾಗ ಕಾರು ನೆಟ್ಟಗೆ ಇರುತ್ತೆ, ಹಿಂದಿನ ಮರಗಳು ವಾಲಿಕೊಳ್ಳುತ್ತೆ, ಚಕ್ರ ಮೊಟ್ಟೆ ಆಗುತ್ತೆ. ಮೆಕ್ಯಾನಿಕಲ್‌ನಲ್ಲೇ ಸೆಕೆಂಡಿಗೆ 15 ಚಿತ್ರ ಸಿಗುತ್ತೆ, ಸಾಕು. ರಾ ಫೈಲ್ ಆದ್ರೆ ಮೂರ್ನಾಲ್ಕು ಸೆಕೆಂಡಿಗೆ ಬಫರ್ ತುಂಬುತ್ತೆ, ಹಾಗಾಗಿ ಕಾರು ಕಂಡಾಗಿಂದ ಒತ್ತಬೇಡಿ. ಲೆನ್ಸಿನ ಐಎಸ್ (ಅಲುಗಾಟ ತಡೆಯೋ) ಸ್ವಿಚ್ ನೇರ ರಸ್ತೆಗೆ 2. ಹೇರ್‌ಪಿನ್‌ನಲ್ಲಿ ಕಾರಿನ ದಿಕ್ಕೇ ಬದಲಾಗೋದ್ರಿಂದ 2 ಗೊಂದಲ ಮಾಡಿಕೊಳ್ಳುತ್ತೆ, ಅಲ್ಲಿ 3. ಸಬ್ಜೆಕ್ಟ್ ಡಿಟೆಕ್ಷನ್ 'ವಾಹನ'ಕ್ಕೆ ಬದಲಾಯಿಸಿ, ಹಕ್ಕಿಗೆ ಇಟ್ಟ 'ಪ್ರಾಣಿ'ಯಲ್ಲೇ ಬಿಟ್ಟು ಹೋಗಬೇಡಿ!

ಇನ್ನೊಂದು. ರಸ್ತೆಯ ಸರಾಸರಿ ಏರು ಶೇ. 7ರ ಮೇಲೆ, ಅಂದ್ರೆ ನಾಲ್ಕು ಡಿಗ್ರಿ. ಕಣ್ಣು ರಸ್ತೆಯನ್ನೇ ಮಟ್ಟ ಅಂದುಕೊಂಡು ಕೈ ಕ್ಯಾಮೆರಾನ ಓರೆ ಮಾಡುತ್ತೆ. ಫೋಟೋದಲ್ಲಿ ಬೆಟ್ಟ ಮಾಯ, ಕಾರು ಹೈವೇಲಿ ಹೋದ ಹಾಗೆ. ಎಲೆಕ್ಟ್ರಾನಿಕ್ ಲೆವೆಲ್ ಆನ್ ಮಾಡಿ, ದಿಗಂತಕ್ಕೆ ಮಟ್ಟ ಇಡಿ.

ಅಕ್ಕಲಕೋಟ_ಲೆನ್ಸ್

ಥಂಡಿ ಬಗ್ಗೆ ಯಾರೂ ಹೇಳಲಿಲ್ಲಲ್ರೀ. ಕೆಳಗ ಕೊಲರಾಡೋ ಸ್ಪ್ರಿಂಗ್ಸ್ ಊರಾಗ 13 ಡಿಗ್ರಿ ಇದ್ರ, ಡೆವಿಲ್ಸ್ ಪ್ಲೇಗ್ರೌಂಡ್ ಅದಕ್ಕಿಂತ ಎರಡು ಸಾವಿರ ಮೀಟರ್ ಮ್ಯಾಲ, ಅಂದ್ರ ಸೊನ್ನೆ ಹತ್ರ. ಗಾಳಿ ಬ್ಯಾರೆ. ಬ್ಯಾಟರಿ ಲಗೂನ ಇಳೀತದ. ಮೂರು ಒಯ್ಯರಿ, ಎರಡು ಒಳ ಕಿಸೇದಾಗ ಮೈಗೆ ಹತ್ತಿಸಿ ಇಡ್ರಿ. ಇಳಿದ ಬ್ಯಾಟರಿ ಬೆಚ್ಚಗಾದ್ರ ಮತ್ತ ಒಂದಿಷ್ಟು ಕೊಡ್ತದ, ಒಗೀಬ್ಯಾಡ್ರಿ. ಬೆರಳ ತುದಿ ಬಿಚ್ಚುವ ಕೈಗವಸು ಬೇಕ.

ಕುಂಬಳೆ ಸಮುದ್ರದ ದಂಡಿ. ಅಲ್ಲಿಂದ ಹೋಗಿ ಮರುದಿನವೇ 4,000 ಮೀಟರ್ ಹತ್ತಿದ್ರ ತಲಿ ಸಿಡೀತದ. ತುದೀಗೆ ಗಾಳಿ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು. ಎರಡ್ಮೂರು ರಾತ್ರಿ ಸ್ಪ್ರಿಂಗ್ಸ್‌ನಾಗ (1,839 ಮೀ.) ಇಲ್ಲಾ ವುಡ್‌ಲ್ಯಾಂಡ್ ಪಾರ್ಕ್‌ನಾಗ (2,580 ಮೀ.) ಕಳೀರಿ. ಮೊದಲ ದಿನ ಕೆಳಗಿನ ಜಾಗ, ಎರಡನೇ ದಿನ ಮ್ಯಾಲಿಂದು. ವಾಂತಿ, ತಲಿ ತಿರುಗೂದು ಶುರುವಾದ್ರ ಮಾರ್ಷಲ್‌ಗೆ ಹೇಳ್ರಿ. ರಸ್ತೆ ಮುಚ್ಚಿರ್ತದ, ನೀವಾಗೇ ಇಳಿಯಾಕ ಬರಂಗಿಲ್ಲ.

ಪೋಲರೈಜರ್ ಮನ್ಯಾಗ ಬಿಡ್ರಿ. ಆ ಎತ್ತರದಾಗ ಆಕಾಶ ಮೊದಲೇ ಕಡು ನೀಲಿ, ಫಿಲ್ಟರ್ ಹಾಕಿದ್ರ ಕರಿ ಆಗ್ತದ, ಮ್ಯಾಲ ಒಂದೂವರೆ ಸ್ಟಾಪ್ ಹಾಳು.

ಕುಂಬಳೆ_ಕ್ಲಿಕ್

ಇದು ಬರೆದಿಟ್ಟುಕೊಂಡೆ. ಧೂಳಿನ ಫೋಟೋ ಈಗ ಸಿಗುವುದಿಲ್ವಾ? ಮತ್ತೆ ಜೂನಿಗೆ ಮುಂಚೆ ಊರಿನಲ್ಲಿ ಪ್ಯಾನಿಂಗ್ ಅಭ್ಯಾಸ ಮಾಡುವುದು ಹೇಗೆ?

ತಾಳವಾಡಿ_ತಿರುವು

ಧೂಳು ಮರೆತುಬಿಡಿ. 2011ರಲ್ಲಿ ಡಾಂಬರು ತುದಿ ಮುಟ್ಟಿತು, 2012ರ ರೇಸಿನಿಂದ ಪೂರ್ತಿ ಟಾರ್ ರಸ್ತೆ. ಈಗಿನ ವಿಶೇಷ ರೆಕ್ಕೆ. ಗಾಳಿ ತೆಳು ಇರೋದರಿಂದ ಕಾರನ್ನು ನೆಲಕ್ಕೆ ಒತ್ತೋಕೆ ದೊಡ್ಡ ದೊಡ್ಡ ರೆಕ್ಕೆ ಕಟ್ಟಿರ್ತಾರೆ. ಅದು ಕಾಣಬೇಕಾದರೆ ಹಿಂದಿನಿಂದ, ಸ್ವಲ್ಪ ಪಕ್ಕದಿಂದ ತೆಗೀಬೇಕು. ಕಾರು ದಾಟಿತು ಅಂತ ಕ್ಯಾಮೆರಾ ಇಳಿಸಬೇಡಿ. ಎಲೆಕ್ಟ್ರಿಕ್ ಕಾರು ಬಂದರೆ ಎಂಜಿನ್ ಸದ್ದಿಗೆ ಕಾಯಬೇಡಿ, ಸೈರನ್ ಕೇಳಿ. 2018ರಲ್ಲಿ 7 ನಿಮಿಷ 57.148 ಸೆಕೆಂಡಿನ ದಾಖಲೆ ಮಾಡಿದ ರೊಮೆಯ್ನ್ ಡ್ಯೂಮಾ ಅವರ ಫೋಕ್ಸ್‌ವ್ಯಾಗನ್ ಐಡಿ ಆರ್ ಎಲೆಕ್ಟ್ರಿಕ್ಕೇ.

ಅಭ್ಯಾಸಕ್ಕೆ ಅಂತ ನಮ್ಮ ದಿಂಬಂ ಘಾಟಿಗೆ ಬರ್ತೀನಿ ಅನ್ನಬೇಡಿ. 27 ಹೇರ್‌ಪಿನ್ ಇದೆ ನಿಜ, ಆದರೆ ಹುಲಿ ಸಂರಕ್ಷಿತ ಕಾಡು, ಗಾಡಿ ನಿಲ್ಲಿಸಿ ಇಳಿಯೋ ಹಾಗಿಲ್ಲ. ನಿಮ್ಮ ಕುಂಬಳೆ-ಬದಿಯಡ್ಕ ರಸ್ತೆ ಸಾಕು. ಏರು ಇರೋ ಒಂದು ತಿರುವು ನೋಡಿ, ರಸ್ತೆಯಿಂದ 15 ಮೀಟರ್ ದೂರ, ಬಸ್ಸಿನ ಕಿಟಕಿಗಿಂತ ಎತ್ತರದಲ್ಲಿ ನಿಲ್ಲಿ. ಕಾಲಿನ ಬೆರಳು ಫೋಟೋ ತೆಗೆಯೋ ಜಾಗದ ಕಡೆಗಿರಲಿ, ಸೊಂಟ ಮಾತ್ರ ಬಸ್ಸು ಬರೋ ಕಡೆಗೆ ತಿರುಗಿಸಿ ಕಾಯಿರಿ. ಬಸ್ಸಿನ ಬೋರ್ಡಿನ ಒಂದು ಅಕ್ಷರವನ್ನು ಫೋಕಸ್ ಪಾಯಿಂಟಿನಲ್ಲಿ ಹಿಡಿದು, 1/125ರಲ್ಲಿ ಐದಾರು ಚಿತ್ರ, ಒತ್ತಿದ ಮೇಲೂ ತಿರುಗೋದು ನಿಲ್ಲಿಸಬಾರದು. ಹತ್ತರಲ್ಲಿ ಐದು ಬೋರ್ಡು ಓದೋಕೆ ಬಂದರೆ 1/60ಕ್ಕೆ ಇಳೀರಿ, ಆಮೇಲೆ 1/30. ಏಪ್ರಿಲ್ ಮೇ ಮಧ್ಯಾಹ್ನ ಬೇಡ, ಡಾಂಬರಿನ ಝಳಕ್ಕೆ 500ರಲ್ಲಿ ಎಲ್ಲವೂ ಅಲುಗಾಡುತ್ತೆ, ತಪ್ಪು ನಿಮ್ಮ ಕೈಯದೋ ಗಾಳಿಯದೋ ಗೊತ್ತಾಗಲ್ಲ. ಬೆಳಗ್ಗೆ ಆರರ ಬಸ್ಸೇ ಸರಿ, ಬೆಳಕೂ ಹೆಚ್ಚುಕಮ್ಮಿ ಅಲ್ಲಿಯದೇ.